ಚೂಡಿ

ಜಿನ್ನಿಂಗ್ ಮಿಲ್ಲಿನ ತಿಮ್ಮಾರೆಡ್ಡಿ
ಅರಳೆಯಲ್ಲಿ ಸುತ್ತಿಕೊಂಡು ತಂದ ಒಂದು ಬೋಲ್ಟು.
ಅರ್ಧ ಇಂಚು ದಪ್ಪ, ಗೇಣುದ್ದ,
ಮೂಲೆ ಸವೆದು ತಲೆ ಬಾರೀಹಣ್ಣಾಗಿದೆ.
ನಟ್ಟು ಎಲ್ಲೋ ಬಿದ್ದಿದೆ.
‘ಗಂಜಿನಾಗ ಯಾರ ಕಡೀನೂ ಇದರ ಜೋಡಿ ಇಲ್ಲ.
ಹತ್ತಿ ಗಾಡಿ ಗೇಟಿನಾಗ ನಿಂತಾವ ನೋಡಪಾ.’

ಯಂತ್ರ ಎಲ್ಲಿಯದು ಅಂದೆ.
ಹೆಸರಿನ ತಗಡು ಅವರಜ್ಜನ ಕಾಲಕ್ಕೇ ಉದುರಿದೆ.
ಇಂಗ್ಲೆಂಡ್ ಅಂತಾರೆ ಒಬ್ಬರು, ಜರ್ಮನಿ ಅಂತ ಇನ್ನೊಬ್ಬರು,
ಮುಂಬೈ ಗುಜರಿ ಅನ್ನುತ್ತಾನೆ ವಾಚ್‌ಮನ್.

ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ
ಬಿಸಿಲಿಗೆ ಹಿಡಿದೆ.
ರಾಯಚೂರಿನ ಬಿಸಿಲು ಯಾವ ತುಕ್ಕನ್ನೂ ಮುಚ್ಚಿಡುವುದಿಲ್ಲ.

ತಿರುಪಿನ ಸುತ್ತಿಗೆ ನಮ್ಮಲ್ಲಿ ಚೂಡಿ ಅನ್ನುತ್ತೇವೆ,
ಬಳೆ ಅಂತ.
ಅವ್ವ ತೀನ್ ಕಂದೀಲಿನ ಹತ್ತಿರ ಬಳೆ ಇಡಿಸುತ್ತಿದ್ದಳು.
ಅಳತೆ ಕೇಳಿದವಳಲ್ಲ. ಗೆಣ್ಣು ಒತ್ತಿ, ಹೆಬ್ಬೆರಳು ಮಡಚಿ,
‘ಎರಡು ನಾಕು’ ಅನ್ನುವಳು,
‘ಕೂಸು ಆದ ಮ್ಯಾಗ ಎರಡು ಆರು ಬೇಕವ್ವ ನಿನಗ.’
ಒಡೆದರೆ ಆ ಬಳೆ ಅವಳ ಲೆಕ್ಕಕ್ಕೆ.

ನಾನು ಉಗುರು ಎಳೆದು ನೋಡುತ್ತೇನೆ.
ಇದು ಉಗುರಿಗೆ ದಕ್ಕಲಿಲ್ಲ.

ಬಾಚಣಿಕೆಯಂಥ ಗೇಜು ಬಿಚ್ಚಿದೆ.
ಹನ್ನೆರಡರ ಎಲೆ ನಾಕು ಹಲ್ಲು ಕೂತು ಎದ್ದಿತು.
ಹದಿಮೂರರದು ಆ ಕಡೆಯಿಂದ ಎದ್ದಿತು.
ಎರಡು ಮಿಲಿಮೀಟರಿನದು ಆಸೆ ಹುಟ್ಟಿಸಿ
ಇಂಚು ದಾಟುತ್ತಲೇ ಕೈ ಬಿಟ್ಟಿತು.
ಡಬ್ಬಿಯ ಹಳೇ ನಟ್ಟು ಹಾಕಿದರೆ
ಎರಡು ಸುತ್ತು ಬೆಣ್ಣೆ, ಮೂರಕ್ಕೆ ಬಿಗಿತ.
ಪಾನ ಹಾಕಲು ಬಂದ ಹುಲಿಗೆಪ್ಪನ ಕೈ ಹಿಡಿದೆ.
ದಸ್ತಗೀರ ಉಸ್ತಾದ ನನ್ನ ಕೈ ಹಿಡಿದು ಹೇಳಿದ್ದು ಅದೇ:
‘ಜೋರ್ ಮಾಡಬ್ಯಾಡ.
ಜೋರ್ ಮಾಡಿದ್ರ ಕಬ್ಬಿಣ ಸುಳ್ಳು ಹೇಳೋದು ಕಲೀತದ.’

ಕ್ಯಾಲೆಂಡರಿನ ಹಾಳೆ ಹರಿದು, ಕಾಡಿಗೆ ಸವರಿ
ಬೋಲ್ಟನ್ನು ಅದರ ಮೇಲೆ ಒತ್ತಿ ಎತ್ತಿದೆ.
ಗೆರೆ ಬಿದ್ದವು.
ಎಣಿಸಿದೆ, ಚಹಾ ಕುಡಿದೆ, ಮತ್ತೆ ಎಣಿಸಿದೆ.
ಎರಡು ಇಂಚಿಗೆ ಇಪ್ಪತ್ತೈದು.
ಅಂದರೆ ಇಂಚಿಗೆ ಹನ್ನೆರಡೂವರೆ.
ಅರ್ಧ ಬಳೆ ಇಡಿಸಿಕೊಳ್ಳುವ ದೇಶ ಯಾವುದು?
ಗೋಡೆಯ ಪಟ್ಟಿಯಲ್ಲಿ ಇಂಗ್ಲೆಂಡ್ ಇದೆ, ಅಮೆರಿಕ ಇದೆ,
ಹನ್ನೆರಡೂವರೆ ಇಲ್ಲ.

ಕರೆಂಟು ಹೋಯಿತು.
ಸೆಕೆಗೆ ಅಂಗಿ ಬಿಚ್ಚಿ, ನೇತುಹಾಕಲು ಮೊಳೆ ತಡಕಿದರೆ
ಕೈಗೆ ಸಿಕ್ಕಿತು ಆ ಗಿಯರು,
ಕೆಂಪು ಬಣ್ಣದ ಬೊಟ್ಟಿಟ್ಟು ಉಸ್ತಾದ
‘ಇದನ್ನ ಮುಟ್ಟಬ್ಯಾಡ’ ಅಂದಿದ್ದು.
ಯಾಕೆ ಅಂತ ನಾನು ಕೇಳಿರಲಿಲ್ಲ. ಆಗ ನನಗೆ ಹದಿನಾಲ್ಕು.
ಲೇತಿನ ಇಪ್ಪತ್ತೈದು ಹಲ್ಲಿನದು ಸೀಳಿದಾಗ
ಊರಿನ ಎರಕದವನ ಹತ್ತಿರ ಮಾಡಿಸಿದ್ದಂತೆ.
ಕತ್ತಲಲ್ಲೇ ಹೆಬ್ಬೆರಳು ಓಡಿಸಿದೆ.
ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ನಾಲ್ಕು,
ಮುಂದಿನದು ಬೊಟ್ಟು.

ಹನ್ನೆರಡು ಚೂಡಿ ಕೊಯ್ಯಲು ಹೊರಟ ಮನುಷ್ಯ,
ಒಂದು ಹಲ್ಲು ಕಡಿಮೆ ಇದ್ದ ಗಿಯರು.
ಬೋಲ್ಟಿಗೆ ಅವನೇ ನಟ್ಟನ್ನೂ ಕೊಯ್ದಿರಬೇಕು,
ತಪ್ಪಿಗೆ ತಪ್ಪು ಸರಿಯಾಗಿ ಕೂತು
ಇಷ್ಟು ವರ್ಷ ಹತ್ತಿ ಹಿಂಜಿದೆ.

ಕರೆಂಟು ಬಂದ ಮೇಲೆ ಗಿಯರು ಏರಿಸಿ
ಒಂದು ಚೂರು ಸರಳಿಗೆ ಚೂಡಿ ಕೊಯ್ದು
ಬೋಲ್ಟಿನ ಮಗ್ಗುಲಿಗೆ ಒತ್ತಿ ಬಲ್ಬಿಗೆ ಹಿಡಿದೆ.
ನಡುವೆ ಬೆಳಕು ಇಲ್ಲ.

ನಟ್ಟಿಗೆ ರಾತ್ರಿ ಹನ್ನೊಂದಾಯಿತು.

‘ಯಾವ ದೇಶದ್ದಂತ ಗೊತ್ತಾಯ್ತೇನು?’
ತಿಮ್ಮಾರೆಡ್ಡಿ ಬೆರಳಲ್ಲೇ ನಟ್ಟು ತಿರುಗಿಸಿ ನಗುತ್ತಿದ್ದ.
‘ಇಲ್ಲೀದೇ ರೀ, ಗಂಜ್ ರೋಡಿಂದು’ ಅಂದೆ.
ತಮಾಷೆ ಅಂದುಕೊಂಡ.
ಬಿಲ್ಲಿನಲ್ಲಿ ನಟ್ಟು ಒಂದು ಅಂತಷ್ಟೇ ಬರೆದೆ.

ಗಿಯರು ಮೊಳೆಗೆ ವಾಪಸು ಹೋಯಿತು.
ಹುಲಿಗೆಪ್ಪ ಅದರ ಮುಂದೆ ನಿಂತು ಎಣಿಸುತ್ತಿದ್ದಾನೆ,
ಹತ್ತೊಂಬತ್ತಕ್ಕೆ ಮರೆತು,
ಮತ್ತೆ ಬೊಟ್ಟಿನಿಂದ.